ಮನೆಯಿಂದ ಬೀದಿಗೆ, ಬೀದಿಯಿಂದ ಊರಿಗೆ: ಸುಸ್ಥಿರ ಬದುಕಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಸ, ನೀರು, ಕರೆಂಟ್, ನೆರೆಹೊರೆ. ಇವುಗಳ ಸುತ್ತ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಎಲ್ಲವನ್ನೂ ಸಾಲಾಗಿ ಓದಬೇಕಂತಿಲ್ಲ, ನಿಮ್ಮನ್ನು ಕಾಡುತ್ತಿರುವ ಪ್ರಶ್ನೆಗೆ ನೇರವಾಗಿ ಹೋಗಿ. ಕೆಲವು ಉತ್ತರ ಉದ್ದ ಇವೆ. ಅಲ್ಲಿ ಹೇಳಬೇಕಾದದ್ದು ಜಾಸ್ತಿ ಇದೆ, ಅಷ್ಟೇ.

ನಾನೊಬ್ಬ ಬದಲಾದರೆ ಏನಾಗುತ್ತದೆ? ಸುಮ್ನೆ ಮನಸ್ಸಿನ ಸಮಾಧಾನಕ್ಕೆ ಮಾಡುವುದಲ್ವಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಒಂದು ಮನೆಯ ಕಸ, ಒಂದು ಮನೆಯ ಕರೆಂಟ್ ಉಳಿದರೆ ಭೂಮಿಯ ಲೆಕ್ಕದಲ್ಲಿ ಅದು ಕಾಣುವುದೂ ಇಲ್ಲ. ಅದು ನಿಜ. ಆದರೆ ನೀವು ಮಾಡಿದ್ದನ್ನು ಪಕ್ಕದ ಮನೆಯವರು ನೋಡುತ್ತಾರೆ. ನೋಡಿ ನೋಡಿ ಕಲಿಯುವುದು ಮನುಷ್ಯರ ಸ್ವಭಾವ.

ಅಮೆರಿಕದ ಒಂದು ಹೋಟೆಲಿನಲ್ಲಿ ಮಾಡಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಅದರ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. 'ಪರಿಸರ ಉಳಿಸಿ, ಟವೆಲ್ ಮತ್ತೆ ಬಳಸಿ' ಎಂಬ ಚೀಟಿ ಇಟ್ಟ ಕೋಣೆಗಳಲ್ಲಿ ಸುಮಾರು 37% ಅತಿಥಿಗಳು ಟವೆಲ್ ಮತ್ತೆ ಬಳಸಿದರು. 'ಇದೇ ಕೋಣೆಯಲ್ಲಿ ಉಳಿದುಕೊಂಡಿದ್ದ ಹೆಚ್ಚಿನವರು ಟವೆಲ್ ಮತ್ತೆ ಬಳಸಿದ್ದಾರೆ' ಎಂಬ ಚೀಟಿ ಇಟ್ಟಾಗ ಅದು ಸುಮಾರು 49%ಕ್ಕೆ ಏರಿತು. ಉಪದೇಶಕ್ಕಿಂತ, ನಮ್ಮಂಥವರೇ ಇದನ್ನು ಮಾಡುತ್ತಿದ್ದಾರೆ ಎಂಬ ಮಾತು ಜಾಸ್ತಿ ಕೆಲಸ ಮಾಡಿತು. ಅಮೆರಿಕದಲ್ಲೇ ಸುಮಾರು 6 ಲಕ್ಷ ಮನೆಗಳಿಗೆ 'ನಿಮ್ಮ ಕರೆಂಟ್ ಬಳಕೆ, ನಿಮ್ಮ ನೆರೆಹೊರೆಯ ಬಳಕೆ' ಎಂದು ಹೋಲಿಸಿ ಪತ್ರ ಕಳಿಸಿದಾಗ ಸರಾಸರಿ 2% ಬಳಕೆ ಇಳಿಯಿತು. ಬರೀ ಕಾಗದದಿಂದ.

ಹಾಗಾಗಿ ಒಳ್ಳೆಯ ಅಭ್ಯಾಸವನ್ನು ಮನೆಯೊಳಗೆ ಮುಚ್ಚಿಡಬೇಡಿ. ಗೊಬ್ಬರದ ಡಬ್ಬವನ್ನು ನಾಲ್ಕು ಜನಕ್ಕೆ ಕಾಣುವ ಕಡೆ ಇಡಿ. ಯಾರಾದರೂ 'ಅದೇನು?' ಎಂದು ಕೇಳಿದರೆ ಅವರಿಗೆ ಮುಚ್ಚಳ ತೆಗೆದು ತೋರಿಸಿ.

ಎಲ್ಲಿಂದ ಶುರು ಮಾಡಲಿ?

ನಿಮ್ಮ ಕಸದ ಬುಟ್ಟಿಯಿಂದ. ಒಂದು ವಾರ ಏನನ್ನೂ ಬದಲಾಯಿಸಬೇಡಿ. ಸುಮ್ನೆ ಗಮನಿಸಿ: ಏನನ್ನು ಎಸೆದಿರಿ, ಎಷ್ಟು ಎಸೆದಿರಿ, ಅದರಲ್ಲಿ ತಿನ್ನಬಹುದಾಗಿದ್ದದ್ದು ಎಷ್ಟು. ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ವಾರದ ಕೊನೆಗೆ ಯಾವ ರಾಶಿ ದೊಡ್ಡದೋ ಅದನ್ನು ಹಿಡಿಯಿರಿ. ಬಹಳಷ್ಟು ಮನೆಗಳಲ್ಲಿ ಅದು ಅಡುಗೆಮನೆಯ ಹಸಿ ಕಸವೇ ಆಗಿರುತ್ತದೆ.

ಒಂದೇ ಸಲ ಹತ್ತು ಸಂಕಲ್ಪ ಮಾಡಬೇಡಿ. ಒಂದು ಅಭ್ಯಾಸ ಗಟ್ಟಿಯಾದ ಮೇಲೆ ಇನ್ನೊಂದು.

ಊಟ ಎಸೆಯುವುದು ಅಷ್ಟೊಂದು ದೊಡ್ಡ ತೊಂದರೆಯಾ? ಮಣ್ಣಲ್ಲಿ ಕೊಳೆತು ಹೋಗುತ್ತದಲ್ಲ?

ಹೌದು, ಬಹಳ ದೊಡ್ಡದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ, 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಜನರ ಕೈಗೆ ಸಿಗುವ ಆಹಾರದಲ್ಲಿ ಸುಮಾರು ಐದನೇ ಒಂದು ಭಾಗ ಅದು. ಅದರಲ್ಲಿ 60% ಹೋಟೆಲುಗಳಿಂದಲೋ ಅಂಗಡಿಗಳಿಂದಲೋ ಬಂದದ್ದಲ್ಲ, ಮನೆಗಳಿಂದ ಬಂದದ್ದು.

ಕೊಳೆಯುವುದರಲ್ಲೂ ಎರಡು ಬಗೆ ಇದೆ. ಗಾಳಿ ಆಡುವ ಕಡೆ ಕೊಳೆತರೆ ಗೊಬ್ಬರ ಆಗುತ್ತದೆ. ಕಸದ ಗುಡ್ಡದ ಅಡಿಯಲ್ಲಿ ಗಾಳಿ ಇಲ್ಲದೆ ಕೊಳೆತರೆ ಮೀಥೇನ್ ಎಂಬ ಅನಿಲ ಹುಟ್ಟುತ್ತದೆ. 20 ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಜಾಸ್ತಿ ಶಾಖ ಹಿಡಿದಿಡುತ್ತದೆ. ಕಸದ ಗುಡ್ಡಗಳಿಗೆ ಆಗಾಗ ತಾನೇ ಬೆಂಕಿ ಹತ್ತಿಕೊಳ್ಳುವುದಕ್ಕೂ ಈ ಅನಿಲ ಒಂದು ಕಾರಣ. ಆ ಗುಡ್ಡಗಳ ಪಕ್ಕದಲ್ಲಿ ಬದುಕುವವರು ಸಾಮಾನ್ಯವಾಗಿ ಬೇರೆಲ್ಲೂ ಜಾಗ ಸಿಗದ ಬಡವರು. ನಾವು ಎಸೆದದ್ದರ ಹೊಗೆ ಅವರ ಮಕ್ಕಳ ಎದೆಗೆ ಹೋಗುತ್ತದೆ. ಇದನ್ನು ನೆನೆದಾಗಲೆಲ್ಲ ಬೇಸರವಾಗುತ್ತದೆ.

ಮಾಡಬೇಕಾದದ್ದು ಕಷ್ಟವಿಲ್ಲ. ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿ ಏನಿದೆ ಎಂದು ನೋಡಿ. ಫ್ರಿಜ್ ಒಳಗಿನ ಚಳಿ 4 ರಿಂದ 5 ಡಿಗ್ರಿಯಲ್ಲಿರಲಿ. ಬೇಗ ಕೆಡುವುದನ್ನು ಮುಂದೆ, ಕಣ್ಣಿಗೆ ಕಾಣುವ ಹಾಗೆ ಇಡಿ. ಹಿಂದೆ ಸರಿದದ್ದೇ ಮರೆತುಹೋಗುವುದು. ಪೊಟ್ಟಣದ ಮೇಲಿನ ತಾರೀಖನ್ನೂ ಸರಿಯಾಗಿ ಓದಿ. 'ಬೆಸ್ಟ್ ಬಿಫೋರ್' ಎಂದಿದ್ದರೆ ಆ ದಿನದವರೆಗೆ ರುಚಿ, ಗುಣ ಚೆನ್ನಾಗಿರುತ್ತದೆ ಎಂದರ್ಥ. ಅದಾದ ಮರುದಿನವೇ ವಿಷವಾಗುವುದಿಲ್ಲ. 'ಯೂಸ್ ಬೈ' ಎಂದಿದ್ದರೆ ಮಾತ್ರ ಅದು ಸುರಕ್ಷತೆಯ ವಿಷಯ, ಆ ದಿನ ದಾಟಿಸಬೇಡಿ.

ಮನೆಯಲ್ಲೇ ಗೊಬ್ಬರ ಮಾಡಿದರೆ ವಾಸನೆ, ಹುಳ ಬರುತ್ತದಲ್ಲ?

ಸರಿಯಾಗಿ ಮಾಡಿದರೆ ವಾಸನೆ ಬರುವುದಿಲ್ಲ. ಬಂದರೆ ಅದು ಏನೋ ಸರಿಯಿಲ್ಲ ಎಂಬ ಸೂಚನೆ. ಹೆಚ್ಚಾಗಿ ಎರಡೇ ಕಾರಣ: ಒದ್ದೆ ಜಾಸ್ತಿ ಆಗಿದೆ, ಅಥವಾ ಗಾಳಿ ಸಾಲುತ್ತಿಲ್ಲ.

ಗೊಬ್ಬರ ಮಾಡುವುದು ನಾವಲ್ಲ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಅವಕ್ಕೆ ಬೇಕಾದದ್ದು ನಾಲ್ಕು: ಸಾರಜನಕ, ಇಂಗಾಲ, ನೀರು, ಗಾಳಿ. ತರಕಾರಿ ಸಿಪ್ಪೆ, ಹಣ್ಣಿನ ಸಿಪ್ಪೆ, ಹಸಿ ಹುಲ್ಲಿನಲ್ಲಿ ಸಾರಜನಕ ಜಾಸ್ತಿ. ಒಣ ಎಲೆ, ಮರದ ಹೊಟ್ಟು, ಹರಿದ ರಟ್ಟಿನಲ್ಲಿ ಇಂಗಾಲ ಜಾಸ್ತಿ. ಇಂಗಾಲ ಸುಮಾರು 30 ಪಾಲು, ಸಾರಜನಕ 1 ಪಾಲು ಇದ್ದರೆ ಕೆಲಸ ಚುರುಕಾಗಿ ನಡೆಯುತ್ತದೆ. ಮನೆಯಲ್ಲಿ ಇದನ್ನು ಯಾರು ತೂಗುತ್ತಾ ಕೂರುತ್ತಾರೆ? ಒಂದು ಬೊಗಸೆ ಹಸಿ ಕಸಕ್ಕೆ ಎರಡರಿಂದ ಮೂರು ಬೊಗಸೆ ಒಣ ಎಲೆ ಹಾಕಿದರೆ ಆಯಿತು.

ತಳದಲ್ಲಿ ಮತ್ತು ಬದಿಯಲ್ಲಿ ತೂತುಗಳಿರುವ ಡಬ್ಬ ತೆಗೆದುಕೊಳ್ಳಿ. ಅಡಿಗೆ ಒಣ ಎಲೆಯ ಒಂದು ಪದರ ಹಾಸಿ. ಸಿಪ್ಪೆಗಳನ್ನು ಸಣ್ಣಗೆ ಹೆಚ್ಚಿ ಹಾಕಿ, ಬೇಗ ಕೊಳೆಯುತ್ತವೆ. ಪ್ರತಿ ಸಲ ಹಸಿ ಕಸ ಹಾಕಿದ ಮೇಲೆ ಒಣ ಎಲೆಯಿಂದ ಪೂರ್ತಿ ಮುಚ್ಚಿ. ನೊಣ ಬಾರದಿರಲು ಇದೇ ದಾರಿ. ವಾರಕ್ಕೆ ಒಂದೆರಡು ಸಲ ಕೋಲಿನಿಂದ ಕೆದಕಿ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ ನೋಡಿ: ಒಂದೆರಡು ಹನಿ ಬಂದರೆ ಒದ್ದೆ ಸರಿಯಾಗಿದೆ, ಧಾರೆ ಬಂದರೆ ಒಣ ಎಲೆ ಸೇರಿಸಿ, ಏನೂ ಬರದಿದ್ದರೆ ಸ್ವಲ್ಪ ನೀರು ಚಿಮುಕಿಸಿ.

ಮಾಂಸ, ಹಾಲಿನ ಪದಾರ್ಥ, ಎಣ್ಣೆ ಜಾಸ್ತಿ ಇರುವ ಅಡುಗೆ ಚಿಕ್ಕ ಡಬ್ಬಕ್ಕೆ ಬೇಡ. ಅವು ನಾರುತ್ತವೆ, ಇಲಿಗಳನ್ನು ಕರೆಯುತ್ತವೆ. ದೊಡ್ಡ ರಾಶಿಯಾದರೆ ಒಳಗಿನ ಬಿಸಿ 55 ಡಿಗ್ರಿ ದಾಟುತ್ತದೆ, ಆಗ ಕಳೆಯ ಬೀಜ ಮತ್ತು ಹೆಚ್ಚಿನ ರೋಗಾಣುಗಳು ಸಾಯುತ್ತವೆ. ಚಿಕ್ಕ ಡಬ್ಬದಲ್ಲಿ ಅಷ್ಟು ಬಿಸಿ ಏರುವುದಿಲ್ಲ, ಹಾಗಾಗಿ ನಿಧಾನ. ಕೆಲವು ತಿಂಗಳು ಕಾಯಬೇಕು. ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಗೊಬ್ಬರ ಸಿದ್ಧ.

ಮನೆಯಲ್ಲಿ ಜಾಗ ಇಲ್ಲದವರು ನಾಲ್ಕೈದು ಮನೆ ಸೇರಿ ಒಂದು ಕಡೆ ಮಾಡಿ. ನಮ್ಮ ಅನುಭವದಲ್ಲಿ ಒಟ್ಟಿಗೆ ಮಾಡಿದ ಗೊಬ್ಬರವೇ ಚೆನ್ನಾಗಿ ಆಗುತ್ತದೆ. ರಾಶಿ ದೊಡ್ಡದಿರುತ್ತದೆ, ಕೆದಕಲು ಕೈಗಳೂ ಜಾಸ್ತಿ ಇರುತ್ತವೆ.

ಒಣ ಎಲೆ, ಕಸ ಸುಟ್ಟರೆ ಏನು ತಪ್ಪು?

ಎಲೆ ಸುಟ್ಟರೆ ಬರುವ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಪ್ಲಾಸ್ಟಿಕ್ ಸೇರಿದರೆ ಇನ್ನೂ ಕೆಟ್ಟದ್ದು. ಪಿವಿಸಿಯಂಥ ಪ್ಲಾಸ್ಟಿಕ್ ಬಯಲಲ್ಲಿ ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದು ಮಣ್ಣಲ್ಲಿ, ಪ್ರಾಣಿಗಳ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅದೂ ಅಲ್ಲದೆ, ಗೊಬ್ಬರ ಮಾಡುವವರು ಹುಡುಕುತ್ತಿರುವುದು ಅದೇ ಒಣ ಎಲೆಯನ್ನೇ. ಮೂಟೆ ಕಟ್ಟಿ ಅವರಿಗೆ ಕೊಡಿ.

ಪ್ಲಾಸ್ಟಿಕ್ಕನ್ನು ಮರುಬಳಕೆಗೆ ಕೊಟ್ಟರೆ ಸಾಕಲ್ವಾ?

ಕೊಡಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಪ್ಲಾಸ್ಟಿಕ್ ಹುಟ್ಟಿದಾಗಿನಿಂದ 2015ರವರೆಗೆ ಕಸವಾದ ಎಲ್ಲ ಪ್ಲಾಸ್ಟಿಕ್‌ನಲ್ಲಿ ಸುಮಾರು 9% ಮಾತ್ರ ಮರುಬಳಕೆ ಆಗಿದೆ ಎಂದು 2017ರ ಒಂದು ಅಧ್ಯಯನ ಲೆಕ್ಕ ಹಾಕಿತು. ಹಲವು ಪದರಗಳನ್ನು ಅಂಟಿಸಿ ಮಾಡಿದ ಪೊಟ್ಟಣಗಳನ್ನು ಬಿಡಿಸುವುದೇ ಕಷ್ಟ. ಗಾಜು, ಅಲ್ಯೂಮಿನಿಯಂ ಹಾಗಲ್ಲ. ಅವನ್ನು ಕರಗಿಸಿ ಮತ್ತೆ ಮತ್ತೆ ಬಳಸಬಹುದು. ಪ್ಲಾಸ್ಟಿಕ್ ಪ್ರತಿ ಸಲ ಸ್ವಲ್ಪ ಗುಣ ಕಳೆದುಕೊಳ್ಳುತ್ತದೆ.

ಕೊಡುವಾಗ ತೊಳೆದು, ಒಣಗಿಸಿ ಕೊಡಿ. ಅನ್ನ ಮೆತ್ತಿಕೊಂಡ ಒಂದು ಡಬ್ಬ ಇಡೀ ಚೀಲದ ಕಾಗದ, ರಟ್ಟನ್ನು ಹಾಳು ಮಾಡುತ್ತದೆ. ಒಡೆದ ಗಾಜು, ಬ್ಲೇಡ್, ಸೂಜಿ, ಡೈಪರ್, ಪ್ಯಾಡ್ ಇದ್ದರೆ ಕಾಗದದಲ್ಲಿ ಸುತ್ತಿ, ಗುರುತು ಹಾಕಿ, ಬೇರೆಯಾಗಿ ಕೊಡಿ. ಅದನ್ನು ಇನ್ನೊಬ್ಬ ಮನುಷ್ಯ ಕೈಯಲ್ಲಿ ವಿಂಗಡಿಸುತ್ತಾನೆ. ಅವನ ಕೈ ಕುಯ್ಯಬಾರದು.

ಬಟ್ಟೆ ಚೀಲ ನಿಜಕ್ಕೂ ಒಳ್ಳೆಯದಾ? ಹತ್ತಿ ಬೆಳೆಯಲು ನೀರು ಬೇಕಲ್ಲ?

ಒಳ್ಳೆಯ ಪ್ರಶ್ನೆ. ಹೊಸ ಹತ್ತಿ ಚೀಲ ಮಾಡಲು ನೀರು, ಗೊಬ್ಬರ, ಶಕ್ತಿ ಎಲ್ಲ ಖರ್ಚಾಗುತ್ತದೆ. ತೆಳು ಪ್ಲಾಸ್ಟಿಕ್ ಚೀಲವನ್ನು ಒಂದೇ ಸಲ ಬಳಸಿ ಎಸೆದರೆ ಆಗುವಷ್ಟು ಹವಾಮಾನ ಹಾನಿಗೆ ಸಮ ಆಗಬೇಕಾದರೆ ಹತ್ತಿ ಚೀಲವನ್ನು 131 ಸಲ ಬಳಸಬೇಕು ಎಂದು ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಹೇಳಿತು. ಬೇರೆ ಬೇರೆ ಅಧ್ಯಯನಗಳಲ್ಲಿ ಈ ಸಂಖ್ಯೆ ಬದಲಾಗುತ್ತದೆ. ಒಂದು ಮಾತು ಎಲ್ಲದರಲ್ಲೂ ಇದೆ: ಎಷ್ಟು ಸಲ ಬಳಸುತ್ತೀರಿ ಎಂಬುದೇ ಮುಖ್ಯ.

ಅಂದರೆ ಸಭೆ ಸಮಾರಂಭಗಳಲ್ಲಿ ಹಂಚುವ ಹೊಸ ಹೊಸ ಬಟ್ಟೆ ಚೀಲಗಳು ಮನೆಯಲ್ಲಿ ರಾಶಿ ಬೀಳುವುದರಿಂದ ಯಾರಿಗೂ ಉಪಯೋಗವಿಲ್ಲ. ಇರುವ ಒಂದೆರಡನ್ನು ಹರಿಯುವವರೆಗೂ ಬಳಸಿ. ಹಳೆಯ ಬಟ್ಟೆಯಿಂದ ಹೊಲಿದದ್ದಾದರೆ ಇನ್ನೂ ಒಳ್ಳೆಯದು. ಇನ್ನು ಈ ಲೆಕ್ಕದಲ್ಲಿ ಸೇರದ ಒಂದು ವಿಷಯವೂ ಇದೆ: ಚರಂಡಿಯಲ್ಲಿ ಸಿಕ್ಕಿಕೊಂಡು ಮಳೆನೀರನ್ನು ತಡೆಯುವುದು ಪ್ಲಾಸ್ಟಿಕ್ ಚೀಲವೇ. 1980ರ ದಶಕದ ಕೊನೆಯ ಭಾರಿ ನೆರೆಗಳ ಅನುಭವದಿಂದ ಬಾಂಗ್ಲಾದೇಶ 2002ರಲ್ಲಿ ತೆಳು ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು.

ಮನೆಯಲ್ಲಿರುವ ಪ್ಲಾಸ್ಟಿಕ್ ಡಬ್ಬಗಳನ್ನೆಲ್ಲ ಎಸೆದು ಸ್ಟೀಲ್, ಗಾಜಿನದು ತರಬೇಕಾ?

ಬೇಡ. ಇರುವುದನ್ನು ಬಳಸಿ ಮುಗಿಸಿ. ಬಿಸಿ ಅಡುಗೆ ಮಾತ್ರ ಪ್ಲಾಸ್ಟಿಕ್ಕಿಗೆ ಹಾಕಬೇಡಿ, ಒಣ ಸಾಮಾನಿಗೆ ಅವು ಸಾಕು. ಈ ಮಾತಿಗೆ ಒಂದು ಅಪವಾದ ಹಳೆಯ ತಂತಿ ಬಲ್ಬು. ಅದನ್ನು ಇವತ್ತೇ ಬದಲಾಯಿಸಿ. ಅದಕ್ಕೆ ಹೋಲಿಸಿದರೆ ಎಲ್‌ಇಡಿ ಕನಿಷ್ಠ 75% ಕಡಿಮೆ ಕರೆಂಟ್ ತಿನ್ನುತ್ತದೆ.

ನೀರು, ಕರೆಂಟ್ ಉಳಿಸಲು ಏನು ಮಾಡಲಿ?

ನೀರು ಕಾಯಿಸುವುದು, ಕೋಣೆ ತಂಪು ಮಾಡುವುದು, ಬಿಸಿ ಮಾಡುವುದು. ಕರೆಂಟ್ ಜಾಸ್ತಿ ಹೋಗುವುದು ಇಲ್ಲಿ. ಗಮನ ಅಲ್ಲೇ ಇರಲಿ. ಟಿವಿ, ಸೆಟ್‌ಟಾಪ್ ಬಾಕ್ಸ್, ಕಂಪ್ಯೂಟರ್ ಮುಂತಾದವು ಆಫ್ ಆದಂತೆ ಕಂಡರೂ ಸ್ವಲ್ಪ ಸ್ವಲ್ಪ ಎಳೆಯುತ್ತಲೇ ಇರುತ್ತವೆ. ಹಾಗಾಗಿ ಗೋಡೆಯ ಸ್ವಿಚ್ಚನ್ನೇ ಆರಿಸಿ.

ನೀರಿನಲ್ಲಿ ಮೊದಲು ಸೋರಿಕೆ ನಿಲ್ಲಿಸಿ. ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕುವ ನಲ್ಲಿಯಿಂದ ವರ್ಷಕ್ಕೆ ಸುಮಾರು 11,000 ಲೀಟರ್ ಹೋಗುತ್ತದೆ. ಫ್ಲಶ್ ಟ್ಯಾಂಕ್ ಸೋರುತ್ತಿದ್ದರೆ ಸದ್ದೇ ಬರುವುದಿಲ್ಲ. ಟ್ಯಾಂಕಿಗೆ ಸ್ವಲ್ಪ ಬಣ್ಣ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಬಣ್ಣ ಕೆಳಗೆ ಕಂಡರೆ ವಾಷರ್ ಬದಲಾಯಿಸುವ ಕಾಲ ಬಂದಿದೆ.

ಇದಕ್ಕೆಲ್ಲ ದುಡ್ಡು ಜಾಸ್ತಿ ಬೇಕಲ್ವಾ?

ಕೊಳ್ಳುವುದನ್ನು ಕಡಿಮೆ ಮಾಡಲು ದುಡ್ಡು ಬೇಕಾಗಿಲ್ಲ. ರಿಪೇರಿ ಮಾಡಿಸುವುದು, ಕೇಳಿ ತಂದು ಬಳಸಿ ವಾಪಸ್ ಕೊಡುವುದು, ನಡೆದು ಹೋಗುವುದು, ಉಳಿದ ಅಡುಗೆ ಬಳಸುವುದು. ಇವೆಲ್ಲ ಉಳಿತಾಯವೇ. ದುಬಾರಿ 'ಹಸಿರು' ಸಾಮಾನು ಕೊಂಡರೆ ಮಾತ್ರ ಪರಿಸರದ ಕಾಳಜಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮನೆಯವರೇ ಒಪ್ಪುತ್ತಿಲ್ಲ. ಏನು ಮಾಡಲಿ?

ವಾದ ಬೇಡ. ಮಾಡಲು ಸುಲಭ ಇದ್ದದ್ದನ್ನು ಜನ ತಾವಾಗಿ ಮಾಡುತ್ತಾರೆ. ಒಂದರ ಪಕ್ಕ ಒಂದು ಎರಡು ಬುಟ್ಟಿ ಇಟ್ಟರೆ ವಿಂಗಡಣೆ ಆಗುತ್ತದೆ, ಒಣ ಕಸದ ಬುಟ್ಟಿ ಬಾಲ್ಕನಿಯಲ್ಲಿದ್ದರೆ ಆಗುವುದಿಲ್ಲ. ಕೈಚೀಲ ಬಾಗಿಲ ಬಳಿಯ ಮೊಳೆಗೆ ತೂಗಿರಲಿ. ಹಿರಿಯರನ್ನು ಕೇಳಿ: ಅವರ ಚಿಕ್ಕ ವಯಸ್ಸಿನಲ್ಲಿ ಮನೆಯಲ್ಲಿ ಏನನ್ನು ಎಸೆಯುತ್ತಿದ್ದರು, ಏನನ್ನು ಎಸೆಯುತ್ತಿರಲಿಲ್ಲ ಎಂದು. ಬಹಳ ಸಲ ನಮಗೆ ಹೇಳಿಕೊಡುವವರು ಅವರೇ ಆಗುತ್ತಾರೆ.

ಅಕ್ಕಪಕ್ಕದವರನ್ನು ಒಟ್ಟು ಸೇರಿಸುವುದು ಹೇಗೆ? ಯಾರಿಗೂ ಪುರುಸೊತ್ತಿಲ್ಲ.

ಪುರುಸೊತ್ತಿಲ್ಲದವರೂ ತಮಗೆ ತೊಂದರೆ ಕೊಡುವ ವಿಷಯಕ್ಕೆ ಬರುತ್ತಾರೆ. 'ಪರಿಸರ ಉಳಿಸೋಣ ಬನ್ನಿ' ಎಂದು ಕರೆದರೆ ಮೂವರು ಬರಬಹುದು. 'ಮೂಲೆಯಲ್ಲಿ ಕಸ ಬಿದ್ದು ನಾಯಿ ಎಳೆದಾಡುತ್ತಿವೆ, ಏನು ಮಾಡೋಣ?' ಎಂದು ಕೇಳಿ ನೋಡಿ. ಬೀದಿಯೇ ಮಾತಾಡುತ್ತದೆ. ಹಾಗಾಗಿ ಎಲ್ಲರ ಕಣ್ಣಿಗೆ ಬೀಳುವ, ಎಲ್ಲರಿಗೂ ಕಿರಿಕಿರಿ ಮಾಡುವ, ಒಂದೆರಡು ತಿಂಗಳಲ್ಲಿ ಸರಿ ಮಾಡಬಹುದಾದ ಒಂದು ತೊಂದರೆಯನ್ನು ಹಿಡಿಯಿರಿ. ಮೊದಲ ಕೆಲಸದಲ್ಲಿ ಗೆಲುವು ಕಂಡರೆ ಎರಡನೆಯದಕ್ಕೆ ಜನ ತಾವೇ ಬರುತ್ತಾರೆ.

ಮೊದಲು ಮೂರ್ನಾಲ್ಕು ಜನ ಸಾಕು. ಮೊಬೈಲ್ ಗ್ರೂಪ್ ಮಾಡುವ ಮುಂಚೆ ಬಾಗಿಲು ತಟ್ಟಿ. ಮುಖ ನೋಡಿ ಮಾತಾಡಿದವರು ಮೆಸೇಜ್ ನೋಡಿದವರಿಗಿಂತ ಜಾಸ್ತಿ ಉಳಿಯುತ್ತಾರೆ. ಹೋದಾಗ ಮೊದಲು ಅವರ ಮಾತು ಕೇಳಿ: ಈ ಬೀದಿಯಲ್ಲಿ ನಿಮಗೆ ಏನು ಬದಲಾಗಬೇಕು? ಉತ್ತರ ನೀವು ಅಂದುಕೊಂಡದ್ದೇ ಆಗಿರಬೇಕಂತಿಲ್ಲ. ಅವರಿಗೆ ಬೀದಿದೀಪ ಮುಖ್ಯ ಎನಿಸಿದರೆ ಅದರಿಂದಲೇ ಶುರು ಮಾಡಿ. ಕಸದ ಮಾತು ಆಮೇಲೆ ಬರುತ್ತದೆ.

ಸಹಾಯ ಕೇಳುವಾಗ ಸ್ಪಷ್ಟವಾಗಿ ಕೇಳಿ. 'ಕೈಜೋಡಿಸಿ' ಎಂದರೆ ಯಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. 'ಭಾನುವಾರ ಬೆಳಿಗ್ಗೆ 7 ರಿಂದ 8ರವರೆಗೆ, ಒಂದು ಪೊರಕೆ ತನ್ನಿ' ಎಂದರೆ ತಿಳಿಯುತ್ತದೆ. ಹೇಳಿದ ಹೊತ್ತಿಗೆ ಮುಗಿಸಿ. ಒಂದು ಗಂಟೆ ಎಂದು ಹೇಳಿ ಮೂರು ಗಂಟೆ ಹಿಡಿದಿಟ್ಟರೆ ಮುಂದಿನ ಸಲ ಅವರು ಬರುವುದಿಲ್ಲ.

ಮತ್ತೊಂದು ಮಾತು. ಸ್ವಚ್ಛ ಮಾಡಿದ ಜಾಗವನ್ನು ಖಾಲಿ ಬಿಡಬೇಡಿ. ಒಂದು ಬೆಂಚು, ನಾಲ್ಕು ಕುಂಡ, ಗೋಡೆಗೆ ಒಂದು ಚಿತ್ರ, ಒಂದು ದೀಪ ಏನಾದರೂ ಬರಲಿ. ಬಳಕೆಯಲ್ಲಿರುವ ಜಾಗಕ್ಕೆ ಕಸ ಹಾಕಲು ಜನ ಹಿಂಜರಿಯುತ್ತಾರೆ.

ಎಲ್ಲರೂ ಒಪ್ಪುವವರೆಗೆ ಕಾಯಬೇಕಾ?

ಬೇಡ. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಗುಂಪಿನ ಸುಮಾರು 25% ಜನ ಹೊಸ ರೂಢಿಗೆ ಗಟ್ಟಿಯಾಗಿ ಅಂಟಿಕೊಂಡಾಗ ಉಳಿದವರೂ ಆ ಕಡೆ ತಿರುಗಿದರು. ಪ್ರಯೋಗಾಲಯದ ಲೆಕ್ಕ ಬೀದಿಗೆ ಹಾಗೇ ಹೊಂದಬೇಕಂತಿಲ್ಲ, ಆದರೆ ಅರ್ಧಕ್ಕಿಂತ ಕಡಿಮೆ ಜನರಿಂದಲೂ ರೂಢಿ ಬದಲಾಗಬಹುದು ಎಂಬುದು ಧೈರ್ಯ ಕೊಡುವ ಮಾತು.

ಕೆಲವರು ಏನೂ ಮಾಡುವುದಿಲ್ಲ, ಲಾಭ ಮಾತ್ರ ಪಡೆಯುತ್ತಾರೆ. ಅವರನ್ನೇನು ಮಾಡುವುದು?

ಎಲ್ಲರಿಗೂ ಸೇರಿದ್ದು ಯಾರಿಗೂ ಸೇರಿದ್ದಲ್ಲ, ಕೊನೆಗೆ ಹಾಳಾಗುತ್ತದೆ ಎಂದು ಬಹಳ ಕಾಲ ಪಂಡಿತರು ಹೇಳುತ್ತಿದ್ದರು. ಅಮೆರಿಕದ ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಮ್ ಇದನ್ನು ಒಪ್ಪಲಿಲ್ಲ. ಸ್ವಿಟ್ಜರ್ಲೆಂಡಿನ ಬೆಟ್ಟದ ಹುಲ್ಲುಗಾವಲು, ಜಪಾನಿನ ಹಳ್ಳಿಗಳ ಕಾಡು, ಸ್ಪೇನಿನ ನೀರಾವರಿ ಕಾಲುವೆ. ಇವನ್ನು ಜನ ತಾವೇ ನಿಯಮ ಮಾಡಿಕೊಂಡು ನೂರಾರು ವರ್ಷ ಕಾಪಾಡಿಕೊಂಡು ಬಂದದ್ದನ್ನು ಅವರು ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಬಹುಮಾನ ಪಡೆದ ಮೊದಲ ಮಹಿಳೆ ಅವರೇ.

ಅವರು ಕಂಡುಕೊಂಡದ್ದು ಬೀದಿಯ ಗೊಬ್ಬರದ ತೊಟ್ಟಿಗೂ, ಮಹಡಿ ಮನೆಗಳ ನೀರಿಗೂ ಹೊಂದುತ್ತದೆ. ಯಾರು ಯಾರು ಸೇರಿದ್ದಾರೆ ಎಂಬುದು ಸ್ಪಷ್ಟವಿರಲಿ. ಬಳಸುವವರೇ ಕೂತು ನಿಯಮ ಮಾಡಲಿ, ಮೇಲಿನಿಂದ ಹೇರಿದ ನಿಯಮ ಬಾಳುವುದಿಲ್ಲ. ನೋಡಿಕೊಳ್ಳುವವರು ಅವರ ನಡುವಿನವರೇ ಆಗಿರಲಿ. ತಪ್ಪಿದವರಿಗೆ ಮೊದಲು ಮೆತ್ತಗೆ ಹೇಳಿ. ಮತ್ತೆ ತಪ್ಪಿದರೆ ಸ್ವಲ್ಪ ಗಟ್ಟಿಯಾಗಿ. ದಂಡ ಕೊನೆಗೆ. ಜಗಳ ಬಂದರೆ ಬೇಗ, ಖರ್ಚಿಲ್ಲದೆ ಬಗೆಹರಿಸುವ ಒಂದು ಜಾಗ ಇರಲಿ.

ನಮಗೆ ಇದರಲ್ಲಿ ಬಹಳ ಇಷ್ಟವಾಗುವುದು ದಂಡ ಮೆತ್ತಗೆ ಶುರುವಾಗಬೇಕು ಎಂಬ ಮಾತು. ತಪ್ಪಿದ ಮನೆಯಲ್ಲಿ ಯಾರಿಗೋ ಹುಷಾರಿಲ್ಲದಿರಬಹುದು, ರಾತ್ರಿ ಪಾಳಿ ಇರಬಹುದು. ಗ್ರೂಪಿನಲ್ಲಿ ಫೋಟೊ ಹಾಕಿ ಮಾನ ಕಳೆಯುವ ಮುಂಚೆ ಮನೆಗೆ ಹೋಗಿ ಕೇಳಿ.

ರಿಪೇರಿ ಕೂಟ ಎಂದರೇನು?

2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಟೀನ್ ಪೋಸ್ಟ್ಮಾ ಎಂಬ ಪತ್ರಕರ್ತೆ ಶುರು ಮಾಡಿದ್ದು. ಕೆಟ್ಟ ಸಾಮಾನು ಹಿಡಿದು ಜನ ಬರುತ್ತಾರೆ, ಕೈಕಸುಬು ಗೊತ್ತಿರುವವರು ಜೊತೆಯಲ್ಲಿ ಕೂತು ಸರಿ ಮಾಡಿಕೊಡುತ್ತಾರೆ. ಬಿಟ್ಟು ಹೋಗುವ ಹಾಗಿಲ್ಲ, ಪಕ್ಕದಲ್ಲಿ ಕೂತು ಕಲಿಯಬೇಕು. ಈಗ ಇಂಥ ಕೂಟಗಳು ಹತ್ತಾರು ದೇಶಗಳಲ್ಲಿ, ಸಾವಿರಾರು ಕಡೆ ನಡೆಯುತ್ತಿವೆ.

ಇದರ ಅಗತ್ಯ ದೊಡ್ಡದು. 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ಕಸ, ಅಂದರೆ ಕೆಟ್ಟ ಎಲೆಕ್ಟ್ರಿಕ್, ಎಲೆಕ್ಟ್ರಾನಿಕ್ ಸಾಮಾನು ಎಸೆಯಿತು. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಯಾದ ದಾಖಲೆ ಇರುವುದು ನಾಲ್ಕನೇ ಒಂದು ಭಾಗಕ್ಕೂ ಕಡಿಮೆ.

ನಡೆಸಲು ಒಂದು ಕೋಣೆ, ನಾಲ್ಕು ಮೇಜು, ಒಳ್ಳೆಯ ಬೆಳಕು, ಸ್ಕ್ರೂಡ್ರೈವರ್ ಸೆಟ್, ಸೂಜಿದಾರ, ಕರೆಂಟ್ ಅಳೆಯುವ ಮಲ್ಟಿಮೀಟರ್ ಇದ್ದರೆ ಶುರು ಮಾಡಬಹುದು. ಮೊದಲು ಹೊಲಿಗೆ, ಸೈಕಲ್, ದೀಪ, ಮಿಕ್ಸಿಯಂಥವನ್ನು ಇಟ್ಟುಕೊಳ್ಳಿ. ಮೈಕ್ರೋವೇವ್ ಓವನ್ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಕೆಲಸ ಬಲ್ಲ ಹಿರಿಯರನ್ನು ಹುಡುಕಿ ಕರೆಯಿರಿ. ನಿವೃತ್ತರಾಗಿ ಮನೆಯಲ್ಲಿ ಕೂತವರ ಕೈಯಲ್ಲಿ ಎಷ್ಟೊಂದು ವಿದ್ಯೆ ಇರುತ್ತದೆ! ಅವರ ಪಕ್ಕ ಮಕ್ಕಳು ಕೂತು ತಂತಿ ಬೆಸೆಯುವುದನ್ನು ಕಲಿಯುವಾಗ ಅಲ್ಲಿ ಸರಿಯಾಗುವುದು ಸಾಮಾನು ಮಾತ್ರವಲ್ಲ, ನೆರೆಹೊರೆಯ ನಂಟೂ ಬೆಳೆಯುತ್ತದೆ.

ಡ್ರಿಲ್ಲಿಂಗ್ ಮಷಿನ್, ಏಣಿ, ದೊಡ್ಡ ಪಾತ್ರೆಯಂಥ ಅಪರೂಪಕ್ಕೆ ಬೇಕಾಗುವ ಸಾಮಾನನ್ನು ಬೀದಿಗೆ ಒಂದೊಂದು ಇಟ್ಟುಕೊಂಡರೂ ಸಾಕು. ಒಂದು ನೋಟ್‌ಬುಕ್‌ನಲ್ಲಿ ಯಾರು ತೆಗೆದುಕೊಂಡರು, ಯಾವಾಗ ಕೊಟ್ಟರು ಎಂದು ಬರೆದಿಡಿ.

ಗಿಡ ನೆಡುವ ಕಾರ್ಯಕ್ರಮ ಮಾಡೋಣವಾ?

ಮಾಡಿ. ಆದರೆ ನೀರು ಹಾಕುವವರು ಯಾರು ಎಂದು ಮೊದಲು ತೀರ್ಮಾನಿಸಿ. ಫೋಟೊ ತೆಗೆದ ಮರುದಿನದಿಂದ ನಿಜವಾದ ಕೆಲಸ ಶುರು.

ಕೀನ್ಯಾದಲ್ಲಿ ವಂಗಾರಿ ಮಾಥಾಯ್ 1977ರಲ್ಲಿ ಗ್ರೀನ್ ಬೆಲ್ಟ್ ಮೂವ್‌ಮೆಂಟ್ ಶುರು ಮಾಡಿದರು. ಹಳ್ಳಿಯ ಹೆಂಗಸರಿಗೆ ಸೌದೆ ಇರಲಿಲ್ಲ, ಹೊಳೆಗಳು ಬತ್ತುತ್ತಿದ್ದವು. ಅವರೇ ಬೀಜ ಆರಿಸಿ, ಸಸಿ ಮಾಡಿ, ನೆಟ್ಟರು. ಬದುಕಿ ಉಳಿದ ಸಸಿಗೆ ಅವರಿಗೆ ಸ್ವಲ್ಪ ಹಣ ಸಿಗುತ್ತಿತ್ತು. ಗಮನಿಸಿ, ನೆಟ್ಟದ್ದಕ್ಕಲ್ಲ, ಉಳಿದದ್ದಕ್ಕೆ. ಹೀಗೆ 5 ಕೋಟಿಗೂ ಹೆಚ್ಚು ಮರ ನೆಟ್ಟರು. ಮಾಥಾಯ್ ಅವರಿಗೆ 2004ರಲ್ಲಿ ನೊಬೆಲ್ ಶಾಂತಿ ಬಹುಮಾನ ಸಿಕ್ಕಿತು. ಅವರ ಕೆಲಸ ಗಿಡಕ್ಕೆ ನಿಲ್ಲಲಿಲ್ಲ. ನೈರೋಬಿಯ ಉಹುರು ಪಾರ್ಕಿನಲ್ಲಿ ದೊಡ್ಡ ಗೋಪುರ ಕಟ್ಟುವ ಸರ್ಕಾರದ ಯೋಜನೆಯನ್ನು 1989ರಲ್ಲಿ ವಿರೋಧಿಸಿದರು, ಅವಮಾನ ಸಹಿಸಿದರು, ಕೊನೆಗೆ ಪಾರ್ಕ್ ಉಳಿಯಿತು.

ನೀವು ಆರಿಸುವಾಗ ಆ ಮಣ್ಣಿನಲ್ಲೇ ಹುಟ್ಟಿ ಬೆಳೆದ ಜಾತಿಯ ಗಿಡಗಳನ್ನು ಆರಿಸಿ. ಒಂದೇ ಜಾತಿ ಬೇಡ, ಒಂದು ರೋಗಕ್ಕೆ ಎಲ್ಲವೂ ಹೋಗುತ್ತವೆ. ಇರುವ ದೊಡ್ಡ ಮರ ಉಳಿಸುವುದು ಹತ್ತು ಸಸಿ ನೆಡುವುದಕ್ಕಿಂತ ಮೇಲು.

ಇದೆಲ್ಲ ಸರ್ಕಾರದ ಕೆಲಸ ಅಲ್ವಾ? ನಾವೇಕೆ ಮಾಡಬೇಕು?

ಬಹಳಷ್ಟು ಸರ್ಕಾರದ ಕೆಲಸವೇ. ಬಸ್ಸಿಲ್ಲದ ಊರಿನಲ್ಲಿ 'ಕಾರು ಬಿಡಿ' ಎಂದು ಹೇಳಿ ಪ್ರಯೋಜನವಿಲ್ಲ. ನೀವು ವಿಂಗಡಿಸಿಕೊಟ್ಟ ಕಸವನ್ನು ಒಂದೇ ಲಾರಿಗೆ ಸುರಿದರೆ ನಿಮ್ಮ ಶ್ರಮ ಮಣ್ಣುಪಾಲು. ಹಾಗಾಗಿ ಮನೆಯ ಅಭ್ಯಾಸ ಮತ್ತು ಆಡಳಿತವನ್ನು ಕೇಳುವುದು, ಎರಡೂ ಜೊತೆಗೆ ನಡೆಯಬೇಕು.

ನಿಯಮ ಸರಿಯಿದ್ದರೆ ಎಷ್ಟು ಬೇಗ ಬದಲಾವಣೆ ಬರುತ್ತದೆ ನೋಡಿ. ಐರ್ಲೆಂಡ್ 2002ರಲ್ಲಿ ಒಂದು ಪ್ಲಾಸ್ಟಿಕ್ ಚೀಲಕ್ಕೆ 15 ಸೆಂಟ್ ತೆರಿಗೆ ಹಾಕಿತು. ಒಬ್ಬರು ವರ್ಷಕ್ಕೆ ಸುಮಾರು 328 ಚೀಲ ಬಳಸುತ್ತಿದ್ದದ್ದು 21ಕ್ಕೆ ಇಳಿಯಿತು. ದಕ್ಷಿಣ ಕೊರಿಯಾ 2005ರಲ್ಲಿ ಊಟದ ಕಸವನ್ನು ಗುಂಡಿಗೆ ಹಾಕುವುದನ್ನು ನಿಷೇಧಿಸಿತು, 2013ರಲ್ಲಿ ಎಸೆದಷ್ಟಕ್ಕೆ ಹಣ ಕಟ್ಟುವ ಪದ್ಧತಿ ತಂದಿತು. 1995ರಲ್ಲಿ ಅಲ್ಲಿ ಊಟದ ಕಸದ 2% ಮಾತ್ರ ಮರುಬಳಕೆಯಾಗುತ್ತಿತ್ತು, ಈಗ ಅದು 95% ದಾಟಿದೆ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಬಜೆಟ್ಟಿನ ಒಂದು ಭಾಗ ಎಲ್ಲಿ ಖರ್ಚಾಗಬೇಕು ಎಂಬುದನ್ನು ನಿವಾಸಿಗಳ ಸಭೆಗಳಿಗೇ ಬಿಟ್ಟಿತು. ಬಡ ಬಡಾವಣೆಗಳಿಗೆ ನೀರು, ಒಳಚರಂಡಿ ಬೇಗ ತಲುಪಿತು.

ಅರ್ಜಿ ಕೊಡುವಾಗ ಒಂದು ಪುಟ ಸಾಕು. ಒಂದೇ ಬೇಡಿಕೆ ಇರಲಿ. ಆ ಕೆಲಸ ಯಾವ ಇಲಾಖೆಯದು ಎಂದು ಮೊದಲು ತಿಳಿದುಕೊಳ್ಳಿ, ತಪ್ಪು ಮೇಜಿಗೆ ಹೋದ ಅರ್ಜಿ ಅಲ್ಲೇ ಉಳಿಯುತ್ತದೆ. ತಾರೀಖು ಹಾಕಿದ ಫೋಟೊ, ಸರಳ ಲೆಕ್ಕ, ಬೀದಿಯವರ ಸಹಿ ಸೇರಿಸಿ. ಸ್ವೀಕೃತಿ ಪಡೆಯಿರಿ. ಹದಿನೈದು ದಿನ ಬಿಟ್ಟು ಮತ್ತೆ ಹೋಗಿ, ಆದಷ್ಟು ಬೇರೆ ಬೇರೆಯವರು ಹೋಗಿ. ಕೆಲಸ ಆದಾಗ ಮಾಡಿದ ಅಧಿಕಾರಿಗೆ ಧನ್ಯವಾದ ಹೇಳಿ ಪತ್ರ ಬರೆಯಿರಿ. ಅವರಿಗೆ ಅಂಥ ಪತ್ರ ಬರುವುದು ಬಹಳ ಕಡಿಮೆ.

ನಾವು ಮಾಡುವ ನಿಯಮದಿಂದ ಯಾರಿಗಾದರೂ ಕಷ್ಟವಾಗುತ್ತದಾ?

ಈ ಪ್ರಶ್ನೆಯನ್ನು ಇನ್ನೂ ಜಾಸ್ತಿ ಜನ ಕೇಳಬೇಕು ಎಂಬುದು ನಮ್ಮ ಆಸೆ. ಕೈ ನಡುಗುವವರಿಗೆ, ನುಂಗಲು ಕಷ್ಟವಿರುವವರಿಗೆ ಬಾಗುವ ಪ್ಲಾಸ್ಟಿಕ್ ಸ್ಟ್ರಾ ಬೇಕೇ ಬೇಕು. ಸ್ಟ್ರಾ ನಿಷೇಧಗಳು ಬಂದಾಗ ಅಂಗವಿಕಲರು ಇದನ್ನು ಎತ್ತಿ ಹೇಳಬೇಕಾಯಿತು. ಗುಜರಿ ಆರಿಸಿ ಬದುಕುವವರು ಇರುವ ಕಡೆ ಬೀಗ ಹಾಕಿದ ಹೊಸ ತೊಟ್ಟಿ ತಂದಿಟ್ಟರೆ ಅವರ ಊಟ ಹೋಗುತ್ತದೆ. ಅವರನ್ನೇ ಕರೆದು, ಒಣ ಕಸವನ್ನು ನೇರವಾಗಿ ಅವರ ಕೈಗೆ ಕೊಡುವ ಏರ್ಪಾಡು ಮಾಡಬಹುದು. ಮನೆಯ ವಿಂಗಡಣೆ, ತೊಳೆಯುವುದು, ಚೀಲ ಹೊಲಿಯುವುದು ಎಲ್ಲ ಹೆಂಗಸರ ತಲೆಗೇ ಬೀಳುತ್ತಿದೆಯಾ ಎಂದೂ ನೋಡಿ. ಬೀಳುತ್ತಿದ್ದರೆ ಕೆಲಸ ಹಂಚಿ.

ಸಭೆಗೆ ಬಾಡಿಗೆಯವರನ್ನು, ಮನೆಗೆಲಸದವರನ್ನು, ಕಸ ಒಯ್ಯುವವರನ್ನು ಕರೆಯಿರಿ. ಮೂಲೆಯ ಕಸ ಯಾವ ಹೊತ್ತಿನಲ್ಲಿ, ಯಾಕೆ ಬೀಳುತ್ತದೆ ಎಂದು ಕಸ ಒಯ್ಯುವವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಕೆಲಸ ಆಗುತ್ತಿದೆಯೋ ಇಲ್ಲವೋ ಎಂದು ಹೇಗೆ ತಿಳಿಯುವುದು?

ಒಂದೇ ಒಂದು ಅಳತೆ ಇಟ್ಟುಕೊಳ್ಳಿ. ವಾರಕ್ಕೆ ಬೀದಿಯಿಂದ ಹೊರಹೋದ ಮಿಶ್ರ ಕಸದ ಚೀಲಗಳು, ಅಥವಾ ಸರಿಯಾದ ಸಾಮಾನುಗಳು, ಅಥವಾ ಎರಡನೇ ಬೇಸಿಗೆ ದಾಟಿದ ಸಸಿಗಳು. ಶುರು ಮಾಡುವ ಮುಂಚಿನ ಲೆಕ್ಕ ತಪ್ಪದೆ ಬರೆದಿಡಿ, ಆಮೇಲೆ ಅದು ಸಿಗುವುದಿಲ್ಲ. ತಿಂಗಳಿಗೊಮ್ಮೆ ಎಲ್ಲರಿಗೂ ಕಾಣುವ ಬೋರ್ಡಿನಲ್ಲಿ ಬರೆಯಿರಿ. ಕಡಿಮೆಯಾದರೂ ಬರೆಯಿರಿ, ಜಾಸ್ತಿಯಾದರೂ ಬರೆಯಿರಿ.

ಎಲ್ಲ ಒಬ್ಬರ ಮೇಲೆ ಬೀಳುತ್ತಿದೆ. ಅವರು ಊರು ಬಿಟ್ಟು ಹೋದರೆ?

ಹೀಗೆ ನಿಂತುಹೋದ ಗುಂಪುಗಳು ಬಹಳ. ಅದಕ್ಕೆ ಮೊದಲ ತಿಂಗಳಿನಿಂದಲೇ ಪ್ರತಿ ಕೆಲಸಕ್ಕೂ ಇಬ್ಬರು ಇರಲಿ: ಒಬ್ಬರು ಮಾಡುವವರು, ಒಬ್ಬರು ಕಲಿಯುವವರು. ಆರು ತಿಂಗಳಿಗೊಮ್ಮೆ ಬದಲಾಯಿಸಿ. ಬೀಗದ ಕೈ ಯಾರ ಬಳಿ ಇದೆ, ಒಣ ಎಲೆ ಎಲ್ಲಿಂದ ಬರುತ್ತದೆ, ಯಾವ ಕಚೇರಿಯಲ್ಲಿ ಯಾವ ಅರ್ಜಿ ಇದೆ, ಕೈಯಲ್ಲಿರುವ ಹಣ ಎಷ್ಟು ಎಂಬುದೆಲ್ಲ ಒಂದು ನೋಟ್‌ಬುಕ್‌ನಲ್ಲಿರಲಿ, ಆ ನೋಟ್‌ಬುಕ್ ಯಾರಾದರೂ ತೆಗೆದು ಓದಬಹುದಾದ ಜಾಗದಲ್ಲಿರಲಿ. ದಣಿದವರು ಒಂದೆರಡು ತಿಂಗಳು ರಜೆ ತೆಗೆದುಕೊಳ್ಳಲಿ, ಕಾರಣ ಕೇಳಬೇಡಿ. ಅವರು ವಾಪಸ್ ಬಂದಾಗ ಮಾಡಲು ಒಂದು ಚಿಕ್ಕ ಕೆಲಸ ಎತ್ತಿಟ್ಟಿರಿ.